ದನಕರುಗಳಿಗೆ ಹುಳು ಅಂಟಿಸುವ ನೀರಿನ ಬಸವನಹುಳು: ಅಂಟುವಾಳದ ರಸದಿಂದ ಹತೋಟಿ ಮಾಡುವ ಕ್ರಮ

ಬೇವಿನ ಸೊಪ್ಪು ಕುದಿಸಿ ಎರಡು ಕೊಡ ಕಷಾಯವನ್ನು ಕೆರೆಗೆ ಸುರಿದು, ಮರುದಿನ ಬಂದು ನೋಡಿದರೆ ಬಸವನಹುಳುಗಳು ಹಾಗೇ ಹರಿದಾಡುತ್ತಿರುತ್ತವೆ. ಹಾನಗಲ್, ಶಿಗ್ಗಾಂವಿ, ಕಲಘಟಗಿಯ ಭತ್ತದ ಸೀಮೆಯಲ್ಲೂ ನವಲಗುಂದ, ನರಗುಂದದ ಕಾಲುವೆ ಪಕ್ಕದ ಊರುಗಳಲ್ಲೂ ಇದೇ ಕಥೆ. ಗಿಡದ ರಸಕ್ಕೆ ಶಕ್ತಿ ಇಲ್ಲ ಎಂದುಕೊಂಡು ಕೈಬಿಡುವವರೇ ಹೆಚ್ಚು. ಆದರೆ ಸೋಲು ರಸದಲ್ಲಿ ಇರುವುದು ಕಡಿಮೆ. ನೀರು ಎಷ್ಟಿದೆ ಎಂದು ಅಳೆದಿರುವುದಿಲ್ಲ, ರಸಕ್ಕೆ ಎಷ್ಟು ಕಸುವಿದೆ ಎಂದು ಬಾಟಲಿಯಲ್ಲಿ ನೋಡಿರುವುದಿಲ್ಲ, ಹಾಕಬಾರದ ನೀರಿಗೆ ಹಾಕಿರುತ್ತಾರೆ. ಈ ಮೂರನ್ನು ಸರಿಪಡಿಸಿಕೊಂಡು, ಬೇವಿನ ಸೊಪ್ಪಿನ ಬದಲು ಅಂಟುವಾಳದ ಕಾಯಿಯ ರಸ ಹಾಕಿದರೆ ಕೆಲಸ ಆಗುತ್ತದೆ.

ಹುಳು ಸುತ್ತುವ ದಾರಿ ತಿಳಿಯದೆ ಮುಂದಿನ ಹಂತಗಳ ದಿನಲೆಕ್ಕ ಹಿಡಿಯುವುದಿಲ್ಲ. ಯಕೃತ್ತಿನಲ್ಲಿ ಕೂರುವ ಎಲೆಯಾಕಾರದ ಚಪ್ಪಟೆ ಹುಳು, ಅಂದರೆ ಲಿವರ್ ಫ್ಲೂಕ್, ಸಗಣಿಯ ಮೂಲಕ ಮೊಟ್ಟೆ ಹೊರಗೆ ಬಿಡುತ್ತದೆ. ಆ ಮೊಟ್ಟೆ ನೀರಿಗೆ ಬಿದ್ದು ಸುಮಾರು 2 ವಾರಕ್ಕೆ ಒಡೆಯುತ್ತದೆ. ಹೊರಬಂದ ಮರಿ ಒಂದು ದಿನದೊಳಗೆ ಬಸವನಹುಳುವಿನ ಮೈ ಸೇರದಿದ್ದರೆ ಸಾಯುತ್ತದೆ. ಸೇರಿದರೆ ಒಂದೂವರೆ, ಎರಡು ತಿಂಗಳು ಅದರೊಳಗೇ ನೂರಾರಾಗಿ ಹೆಚ್ಚಿ, ಹೊರಬಂದು, ದಂಡೆಯ ಹುಲ್ಲಿಗೂ ಭತ್ತದ ಬುಡಕ್ಕೂ ಕಣ್ಣಿಗೆ ಕಾಣದ ಗುಳಿಗೆಯಂತೆ ಅಂಟಿಕೊಳ್ಳುತ್ತದೆ. ಆ ಹುಲ್ಲು ಮೇಯ್ದ ದನಕ್ಕೆ ರೋಗ. ಮೂಗಿನಲ್ಲಿ ಗೊರಗೊರ ಸದ್ದು ಬರಿಸುವ ಗೊರಕೆ ರೋಗದ ಹುಳು ಮಾತ್ರ ಹುಲ್ಲಿಗೆ ಕಾಯುವುದಿಲ್ಲ. ನೀರಿಗಿಳಿದ ದನದ ಚರ್ಮ ಕೊರೆದೇ ಒಳಹೋಗುತ್ತದೆ.

ಹಂತ 1: ಯಾವ ಬಸವನಹುಳು ಎಂದು ಮೊದಲು ಗುರುತಿಸಿ

ನೀರಿನಲ್ಲಿರುವ ಎಲ್ಲ ಬಸವನಹುಳುವೂ ವೈರಿಯಲ್ಲ. ನಮಗೆ ಬೇಕಾದವು ಎರಡು.

ಒಂದು ಲಿಮ್ನಿಯಾ. ಕಂದು ಬಣ್ಣದ ತೆಳು ಚಿಪ್ಪು, ಉಗುರಿನಿಂದ ಒತ್ತಿದರೆ ಪುಡಿಯಾಗುತ್ತದೆ. ತುದಿ ಚೂಪು, ಬಾಯಿ ಅಗಲ. ತುದಿ ಮೇಲೆ ಮಾಡಿ ಬಾಯಿ ನಿಮ್ಮ ಕಡೆ ತಿರುಗಿಸಿ ಹಿಡಿದರೆ ಬಾಯಿ ಬಲಕ್ಕೆ ಇರುತ್ತದೆ. ಲಿವರ್ ಫ್ಲೂಕ್ ಹರಡುವುದು ಇದೇ.

ಇನ್ನೊಂದು ಇಂಡೋಪ್ಲಾನಾರ್ಬಿಸ್. ಹಗ್ಗ ಸುತ್ತಿಟ್ಟಂತೆ, ಟಗರಿನ ಕೊಂಬಿನಂತೆ ಚಪ್ಪಟೆಯಾಗಿ ಸುರುಳಿ. ಮೈಯ ರಸ ಕೆಂಪು. ಗೊರಕೆ ರೋಗದ ಹುಳುವಿಗೂ, ಕರುಗಳಿಗೆ ನಾರುವ ಭೇದಿ ತರುವ ಹೊಟ್ಟೆಯ ಚಪ್ಪಟೆ ಹುಳುವಿಗೂ ಇದು ಮನೆ.

ಈ ಎರಡಕ್ಕೂ ಬಾಯಿಗೆ ಮುಚ್ಚಳ ಇಲ್ಲ. ಮುಟ್ಟಿದೊಡನೆ ಗಟ್ಟಿ ಮುಚ್ಚಳ ಎಳೆದುಕೊಳ್ಳುವ ದೊಡ್ಡ ಗುಂಡು ಬಸವನಹುಳು ಲಿವರ್ ಫ್ಲೂಕಿಗೆ ಆಸರೆ ಕೊಡುವುದಿಲ್ಲ, ಅದನ್ನು ಬಿಟ್ಟುಬಿಡಿ. ಊರ ಚರಂಡಿಯಲ್ಲಿ ಕಾಣುವ, ಬಾಯಿ ಎಡಕ್ಕೆ ಇರುವ ಸಣ್ಣ ಹುಳುವಿನ ಗೊಡವೆಯೂ ಬೇಡ. ತೋಟದಲ್ಲಿ ಎಲೆ ತಿನ್ನುವ ಆಫ್ರಿಕನ್ ದೈತ್ಯ ಬಸವನಹುಳುವಿನ ಕಥೆಯೇ ಬೇರೆ, ಅದಕ್ಕೆ ಮಾಡುವ ಉಪ್ಪಿನ ಉಪಾಯ ನೀರಿನಲ್ಲಿ ನಡೆಯುವುದಿಲ್ಲ.

ಹುಡುಕುವುದು ಬೆಳಗಿನ ಹೊತ್ತು, ತಂಪಿರುವಾಗ. ಉದ್ದ ಕೋಲಿಗೆ ಚಹಾ ಸೋಸುವ ದೊಡ್ಡ ಜಾಲರಿ ಕಟ್ಟಿಕೊಂಡು ದಂಡೆಯಿಂದ 3 ಅಡಿ ಒಳಗೆ, ಜೊಂಡು, ಪಾಚಿ, ಮುಳುಗಿದ ಕಡ್ಡಿಗಳ ಬುಡದಲ್ಲಿ ಕೆರೆಯಿರಿ. 10 ಜಾಗ, ಒಂದೊಂದರಲ್ಲಿ 3 ಸಲ. ಸಿಕ್ಕಿದ್ದನ್ನು ಎಣಿಸಿ ಜಾಗದ ಹೆಸರಿನೊಂದಿಗೆ ಬರೆದಿಡಿ. ಈ ಲೆಕ್ಕ ಇಲ್ಲದಿದ್ದರೆ ಕೊನೆಗೆ ಗೆದ್ದಿರೋ ಸೋತಿರೋ ಗೊತ್ತಾಗುವುದಿಲ್ಲ. ಎಲೆಯ ತಳಕ್ಕೆ ಅಂಟಿದ ಲೋಳೆಯಂಥ ಮೊಟ್ಟೆಗಂಟು ಕಂಡರೆ ಅದನ್ನೂ ಬರೆಯಿರಿ.

ಗಂಬೂಟು, ರಬ್ಬರ್ ಕೈಗವಸು ಇಲ್ಲದೆ ನೀರಿಗೆ ಇಳಿಯಬೇಡಿ. ದನದ ಚರ್ಮ ಕೊರೆಯುವ ಗೊರಕೆ ರೋಗದ ಹುಳುಗಳು ಮನುಷ್ಯರ ಚರ್ಮಕ್ಕೂ ನುಗ್ಗಿ ಅಲ್ಲೇ ಸಾಯುತ್ತವೆ. ಗದ್ದೆಗಿಳಿದವರ ಕಾಲಿಗೆ ಏಳುವ ಕೆಂಪು ಗುಳ್ಳೆ ಮತ್ತು ತುರಿಕೆಗೆ ಎಷ್ಟೋ ಸಲ ಇದೇ ಕಾರಣ.

ಹಂತ 2: ಯಾವ ನೀರಿಗೆ ಹಾಕಬಹುದು, ಯಾವುದಕ್ಕೆ ಕೂಡದು

ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿ. ಅಂಟುವಾಳದ ನೊರೆ ಬರಿಸುವ ಅಂಶಕ್ಕೆ ಸಪೋನಿನ್ ಎಂದು ಹೆಸರು. ಬಸವನಹುಳುವನ್ನು ಕೊಲ್ಲುವ ಅದೇ ಸಪೋನಿನ್ ಮೀನಿನ ಕಿವಿರನ್ನೂ ಹಾಳುಮಾಡುತ್ತದೆ. ಕಪ್ಪೆಮರಿಯೂ ಉಳಿಯುವುದಿಲ್ಲ. ಆದ್ದರಿಂದ ಮೀನು ಸಾಕಿದ ಕೆರೆ, ಗುತ್ತಿಗೆಗೆ ಕೊಟ್ಟ ಹೊಂಡ, ಸೊಳ್ಳೆ ಹತೋಟಿಗೆ ಗಪ್ಪಿ ಮೀನು ಬಿಟ್ಟ ನೀರು, ಜನ ಕುಡಿಯುವ ಬಾವಿ, ಹರಿಯುವ ಹಳ್ಳ, ಇವು ಯಾವುದಕ್ಕೂ ಹಾಕಕೂಡದು.

ಇಡೀ ಕೆರೆಗೆ ಹಾಕುತ್ತೇನೆ ಎನ್ನುವವರು ಒಂದು ಲೆಕ್ಕ ನೋಡಲಿ. 1 ಎಕರೆ ಅಂದರೆ 43,560 ಚದರ ಅಡಿ. 4 ಅಡಿ ಆಳವಿದ್ದರೆ ಸುಮಾರು 49 ಲಕ್ಷ ಲೀಟರ್ ನೀರು. ಲೀಟರಿಗೆ 100 ಮಿಲಿಗ್ರಾಂನಂತೆ ಹಾಕಿದರೂ ಹತ್ತಿರಹತ್ತಿರ 5 ಕ್ವಿಂಟಲ್ ಅಂಟುವಾಳದ ಪುಡಿ ಬೇಕು. ಅಷ್ಟು ತಂದು ಹಾಕುವುದೂ ಇಲ್ಲ, ಹಾಕಿದರೆ ಊರ ಮೀನುಗಳ ಪಾಪ ಬೇರೆ.

ಸರಿಯಾದ ಜಾಗ ಚಿಕ್ಕವು: ದನ ಕುಡಿಯುವ ತೊಟ್ಟಿಯ ಸುತ್ತ ನಿಂತ ಜಿನುಗು ನೀರು, ಬೋರಿನ ಬಳಿಯ ಹೊಂಡ, ಗದ್ದೆಯ ಮೂಲೆಯ ಗುಂಡಿ, ಕಾಲುವೆ ನೀರು ನಿಂತ ಮೇಲೆ ಹೊಲಗಾಲುವೆಯಲ್ಲಿ ಉಳಿದ ಮಡುವು, ಕೆರೆ ಇಳಿದಾಗ ದಂಡೆಯಲ್ಲಿ ಬೇರೆಯಾಗಿ ಉಳಿದ ಕುಂಟೆ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದಲ್ಲಿ ಜೊಂಡು ಇಲ್ಲದಿದ್ದರೆ ಹುಳು ಕಡಿಮೆ, ಅಲ್ಲಿ ಜಾಲರಿ ಆಡಿಸಿ ಆರಿಸಿದರೆ ಸಾಕು. ಪಂಚಾಯಿತಿಗೆ ಸೇರಿದ ಜಾಗವಾದರೆ ಒಪ್ಪಿಗೆ ಪಡೆದೇ ಮುಟ್ಟಿ.

ಹಂತ 3: ಹೊತ್ತು ನೋಡಿ

ಮಿರಗ ಮಳೆ ಬಿದ್ದ ಮೇಲೆ ನೆನಪಾಗುವುದು ರೂಢಿ. ಆಗ ನೀರು ದಿನದಿನ ಏರುತ್ತಿರುತ್ತದೆ, ಹಾಕಿದ್ದೆಲ್ಲ ತೆಳುವಾಗುತ್ತದೆ. ನೀರು ಇಳಿದು, ಹುಳು ಚಿಕ್ಕ ಜಾಗದಲ್ಲಿ ಒತ್ತಾಗಿ ಸೇರಿರುವಾಗ ಹಾಕಬೇಕು. ದೀಪಾವಳಿಯ ನಂತರ ಒಂದು ಸಲ, ಹೋಳಿಯಿಂದ ಯುಗಾದಿಯೊಳಗೆ ಇನ್ನೊಂದು ಸಲ. ನೀರು ಪೂರ್ತಿ ಬತ್ತುವವರೆಗೆ ಕಾಯಬೇಡಿ. ಸುರುಳಿ ಚಿಪ್ಪಿನ ಹುಳು ಕೆಸರಿನೊಳಗೆ ಹೂತು ಮಳೆಗಾಲದವರೆಗೆ ಬದುಕಿರಬಲ್ಲದು, ಒಣಗಿ ಬಿರುಕುಬಿಟ್ಟ ಎರೆಮಣ್ಣಿನ ಒಳಗೆ ಯಾವ ರಸವೂ ಇಳಿಯುವುದಿಲ್ಲ.

ಮುಂದಿನ 2 ದಿನ ಮಳೆಯ ಸೂಚನೆ ಇರಬಾರದು, ಕಾಲುವೆಗೆ ನೀರು ಬಿಡುವ ಸರದಿಯೂ ಇರಬಾರದು.

ಹಂತ 4: ಸಾಮಾನು

ಒಣಗಿದ ಅಂಟುವಾಳದ ಕಾಯಿ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಕೆಲಸಕ್ಕೆ ಬರುವುದು ಸಿಪ್ಪೆ ಮಾತ್ರ. ಕಪ್ಪು ಬೀಜ ಸೇರಿಸಿ ತೂಗಿದರೆ ತೂಕ ಸುಳ್ಳಾಗುತ್ತದೆ, ಲೆಕ್ಕ ಅಲ್ಲಿಂದಲೇ ಕೆಡುತ್ತದೆ. ಇದಲ್ಲದೆ ಅಡುಗೆಮನೆಯ ತಕ್ಕಡಿ, 10 ಲೀಟರಿನ ಎರಡು ಪ್ಲಾಸ್ಟಿಕ್ ಬಕೆಟ್, ತೆಳು ಪಂಚೆಯ ಬಟ್ಟೆ, ಸೂಜಿ ತೆಗೆದ 5 ಮಿಲಿಲೀಟರಿನ ಸಿರಿಂಜು, ಬಾಯಿ ಅಗಲಿಸಿ ಕತ್ತರಿಸಿದ ಮೇಲೂ 2 ಲೀಟರ್ ಹಿಡಿಯುವ ಐದು ನೀರಿನ ಬಾಟಲಿ, ಸೊಳ್ಳೆಪರದೆಯ ತುಂಡು, ಅಳತೆ ಟೇಪು, ಗುರುತು ಮಾಡಿದ ಕೋಲು. ಸಿಂಪಡಣೆಗೆ ಬೆನ್ನಿನ ಪಂಪು ಬೇಕಾದರೆ ಕಳೆನಾಶಕ, ಕೀಟನಾಶಕ ಹೊಡೆದ ಪಂಪು ಬೇಡ. ಎಷ್ಟು ತೊಳೆದರೂ ಅದರ ಅಂಶ ಉಳಿದಿರುತ್ತದೆ, ದನ ಕುಡಿಯುವ ಜಾಗಕ್ಕೆ ಅದು ಹೋಗಬಾರದು.

ಹಂತ 5: ರಸ ತೆಗೆಯುವುದು

ಸಿಪ್ಪೆಯನ್ನು ನೆರಳಲ್ಲಿ ಎರಡು ದಿನ ಒಣಗಿಸಿ, ಚಟಕ್ಕನೆ ಮುರಿಯುವಂತಾದ ಮೇಲೆ ತರಿತರಿಯಾಗಿ ಕುಟ್ಟಿ. ನುಣ್ಣಗೆ ಬೀಸಿದರೆ ಬಟ್ಟೆ ಕಟ್ಟಿಕೊಂಡು ಸೋಸುವುದು ಕಷ್ಟ. ಕುಟ್ಟುವಾಗ ಮೂಗಿಗೆ ಬಟ್ಟೆ, ಕಣ್ಣಿಗೆ ಕನ್ನಡಕ ಇರಲಿ, ಸೀನು ಬಿಡದೆ ಬರುತ್ತದೆ.

1 ಕಿಲೋ ಪುಡಿಯನ್ನು 8 ಲೀಟರ್ ನೀರಿನಲ್ಲಿ ಸಂಜೆ ನೆನೆಹಾಕಿ. ಬೆಳಗ್ಗೆ ಕೈಯಿಂದ ಚೆನ್ನಾಗಿ ಹಿಸುಕಿ ಸೋಸಿ. ಉಳಿದ ಚರಟಕ್ಕೆ 2 ಲೀಟರಿನಷ್ಟು ನೀರು ಹಾಕಿ ಇನ್ನೊಮ್ಮೆ ಹಿಸುಕಿ ಸೋಸಿ. ಎರಡನ್ನೂ ಕೂಡಿಸಿ, ಕಡಿಮೆ ಬಿದ್ದರೆ ನೀರು ಸೇರಿಸಿ, ಸರಿಯಾಗಿ 10 ಲೀಟರ್ ಮಾಡಿ. ಈಗ ಈ ಮೂಲರಸದ 1 ಲೀಟರಿನಲ್ಲಿ 100 ಗ್ರಾಂ ಪುಡಿಯ ಸತ್ವ, 1 ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ. ಮುಂದಿನ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಪರೀಕ್ಷೆಗೆ ಮೊದಲ ದಿನ ಇಷ್ಟೊಂದು ಬೇಡ, 100 ಗ್ರಾಂ ಪುಡಿಯಿಂದ 1 ಲೀಟರ್ ಮಾಡಿದರೆ ಸಾಕು. ರಸ ಒಂದೇ ದಿನಕ್ಕೆ ಹುಳಿಯಲು ಶುರುವಾಗುತ್ತದೆ. ಹುಳಿ ವಾಸನೆ ಬಂದರೆ, ಮೇಲೆ ಕೆನೆ ಕಟ್ಟಿದರೆ, ಗಿಡದ ಬುಡಕ್ಕೆ ಚೆಲ್ಲಿ ಹೊಸದು ಮಾಡಿ. ಬಾಟಲಿಯಲ್ಲಿ ಚೂರು ರಸ, ಅದರ ಹತ್ತರಷ್ಟು ನೀರು ಹಾಕಿ ಕುಲುಕಿದಾಗ ಬಂದ ನೊರೆ 10 ನಿಮಿಷವಾದರೂ ನಿಲ್ಲಬೇಕು. ಕೂಡಲೇ ಇಳಿದರೆ ಕಾಯಿ ಹಳತು, ಇಲ್ಲವೇ ಬೂಸ್ಟು ಹಿಡಿದದ್ದು.

ಹಂತ 6: ಬಾಟಲಿ ಪರೀಕ್ಷೆ, ಬಿಡಲೇಬಾರದ ಹಂತ

ಒಂದೊಂದು ಮರದ ಕಾಯಿಯಲ್ಲಿ ಸತ್ವ ಬೇರೆ ಬೇರೆ. ಇನ್ನೊಬ್ಬರು ಹೇಳಿದ ಪ್ರಮಾಣ ನಿಮ್ಮ ಪುಡಿಗೆ, ನಿಮ್ಮ ನೀರಿಗೆ ಹೊಂದುತ್ತದೆ ಎನ್ನುವಂತಿಲ್ಲ. ಒಂದು ಪರೀಕ್ಷೆಗೆ ಹಿಡಿಯುವುದು ಎರಡು ದಿನ, ಅಷ್ಟೇ.

ಐದು ಬಾಟಲಿಗೂ ಔಷಧ ಹಾಕಬೇಕಾದ ಅದೇ ಹೊಂಡದ ನೀರನ್ನು 2 ಲೀಟರ್ ತುಂಬಿ. ನಲ್ಲಿ ನೀರು ಬೇಡ. ಕ್ಲೋರಿನ್ ಹುಳುಗಳಿಗೆ ಆಗದು. ಕೆಸರು, ಪಾಚಿ ಇದ್ದ ನೀರಿನಲ್ಲಿ ರಸದ ಶಕ್ತಿ ಕುಂದುವುದು ಬೇರೆ, ನಲ್ಲಿ ನೀರಿನಲ್ಲಿ ನೋಡಿದರೆ ಅದು ತಿಳಿಯುವುದೇ ಇಲ್ಲ. ಒಂದೊಂದಕ್ಕೆ ಚುರುಕಾಗಿ ಓಡಾಡುವ, ಹೆಚ್ಚುಕಡಿಮೆ ಒಂದೇ ಗಾತ್ರದ 10 ಹುಳು. ಮೊದಲ ಬಾಟಲಿಗೆ ಏನೂ ಹಾಕಬೇಡಿ. ಉಳಿದ ನಾಲ್ಕಕ್ಕೆ ಸಿರಿಂಜಿನಿಂದ ಅರ್ಧ, 1, 2, 4 ಮಿಲಿಲೀಟರ್ ಮೂಲರಸ. ಲೀಟರಿಗೆ 25, 50, 100, 200 ಮಿಲಿಗ್ರಾಂ ಆಯಿತು. ಬಾಯಿಗೆ ಸೊಳ್ಳೆಪರದೆ ಕಟ್ಟಿ, ಅದು ನೀರಿಗೆ ತಾಗುವಷ್ಟು ಕೆಳಗೆ ಇಳಿಸಿ. ರಸ ತಾಗಿದೊಡನೆ ಹುಳು ನೀರು ಬಿಟ್ಟು ಮೇಲೆ ಹತ್ತುತ್ತದೆ. ಪರದೆ ಇಲ್ಲದಿದ್ದರೆ ಗೋಡೆಗೆ ಅಂಟಿ ಬದುಕಿಕೊಳ್ಳುತ್ತದೆ, ನೀವು ಔಷಧ ಕೆಲಸ ಮಾಡಲಿಲ್ಲ ಎನ್ನುತ್ತೀರಿ.

24 ಗಂಟೆ ಬಿಟ್ಟು ಹುಳುಗಳನ್ನು ತೊಳೆದು ಔಷಧವಿಲ್ಲದ ಹೊಂಡದ ನೀರಿಗೆ ಹಾಕಿ ಇನ್ನೂ 24 ಗಂಟೆ ಇಡಿ. ಸತ್ತಂತೆ ಕಂಡದ್ದು ಎಷ್ಟೋ ಸಲ ಮರುದಿನ ತಲೆ ಹೊರಹಾಕುತ್ತದೆ. ಸೂಜಿಮೊನೆ ತಾಗಿಸಿದಾಗ ಕದಲದಿದ್ದರೆ, ಮೈ ಬಣ್ಣಗೆಟ್ಟು ವಾಸನೆ ಬಂದಿದ್ದರೆ ಸತ್ತದ್ದು. ಸುರುಳಿ ಹುಳು ಇದ್ದ ನೀರು ಕೆಂಪಾಗಿದ್ದರೆ ಅದರ ರಕ್ತ ಸೋರಿದೆ ಎಂದರ್ಥ, ರಸ ಹತ್ತಿದೆ.

ಎಲ್ಲ 10 ಸತ್ತ ಬಾಟಲಿಗಳಲ್ಲಿ ಅತಿ ಕಡಿಮೆ ರಸ ಹಾಕಿದ್ದು ಯಾವುದೋ ಅದು ನಿಮ್ಮ ಪ್ರಮಾಣ. ಹೊರಗೆ ಹಾಕುವಾಗ ಅದರ ಎರಡರಷ್ಟು ಹಿಡಿಯಿರಿ, ಏಕೆಂದರೆ ಕೆಸರು ಮತ್ತು ಬೇರುಗಳು ಪಾಲು ಕೇಳುತ್ತವೆ. ಏನೂ ಹಾಕದ ಬಾಟಲಿಯಲ್ಲೇ 2 ಅಥವಾ ಹೆಚ್ಚು ಸತ್ತಿದ್ದರೆ ಪರೀಕ್ಷೆ ಸುಳ್ಳು, ಬೇರೆ ಹುಳು ಹಿಡಿದು ಮತ್ತೆ ಮಾಡಿ. 200ರ ಬಾಟಲಿಯಲ್ಲೂ ಬದುಕಿದ್ದರೆ ಪ್ರಮಾಣ ಏರಿಸುತ್ತ ಹೋಗಬೇಡಿ, ಕಾಯಿ ಬದಲಿಸಿ.

ಪರೀಕ್ಷೆ ಮುಗಿದ ಮೇಲೆ ಹುಳುಗಳ ಮೇಲೆ ಕುದಿನೀರು ಸುರಿದು ಹೂಳಿ. ಹೊಂಡಕ್ಕೆ ತಿರುಗಿ ಎಸೆಯಬೇಡಿ.

ಹಂತ 7: ನೀರಿನ ಅಳತೆ

ಉದ್ದ, ಅಗಲ ಅಡಿಯಲ್ಲಿ ಅಳೆಯಿರಿ. ಆಳವನ್ನು ಕೋಲಿನಿಂದ 5-6 ಕಡೆ ನೋಡಿ ಸರಾಸರಿ ತೆಗೆಯಿರಿ, ನಡುವಿನ ಗುಂಡಿಯ ಆಳವನ್ನೇ ಹಿಡಿದರೆ ಲೆಕ್ಕ ಉಬ್ಬುತ್ತದೆ. ಮೂರನ್ನೂ ಗುಣಿಸಿ 28.3ರಿಂದ ಮತ್ತೆ ಗುಣಿಸಿದರೆ ಲೀಟರ್. ದುಂಡಗಿದ್ದರೆ ಅಡ್ಡಳತೆಯನ್ನು ಅಡ್ಡಳತೆಯಿಂದಲೇ ಗುಣಿಸಿ, 0.8ರಿಂದ ಗುಣಿಸಿ, ಆಮೇಲೆ ಆಳದಿಂದ, ಕೊನೆಗೆ 28.3ರಿಂದ.

ಉದಾಹರಣೆಗೆ 20 ಅಡಿ ಉದ್ದ, 10 ಅಡಿ ಅಗಲ, ಸರಾಸರಿ 1 ಅಡಿ ಆಳದ ಕುಂಟೆ. 200 ಘನ ಅಡಿ, ಅಂದರೆ 5,660 ಲೀಟರ್. ಬಾಟಲಿಯಲ್ಲಿ 50ಕ್ಕೆ ಎಲ್ಲ ಸತ್ತಿದ್ದರೆ ಹೊರಗೆ 100. ಬೇಕಾದ ಪುಡಿ 566 ಗ್ರಾಂ, ಮೂಲರಸದ ಲೆಕ್ಕದಲ್ಲಿ 5 ಲೀಟರ್ 660 ಮಿಲಿಲೀಟರ್.

ಹಂತ 8: ಹಾಕುವ ದಿನ

ಎರಡು ದಿನ ಮೊದಲೇ ಜೊಂಡು, ಪಾಚಿ ಎಳೆದು ತೆಗೆಯಿರಿ. ಮೊಟ್ಟೆಗಂಟು ಅರ್ಧಕ್ಕರ್ಧ ಅದರ ಜೊತೆಗೇ ಹೊರಬರುತ್ತದೆ. ತೆಗೆದದ್ದನ್ನು ದಂಡೆಯಲ್ಲಿ ಬಿಡದೆ ದೂರದ ಒಣ ನೆಲದಲ್ಲಿ ಬಿಸಿಲಿಗೆ ಹರಡಿ. ಹಸಿರು ಕಂಡಿತೆಂದು ಎಮ್ಮೆಗೆ ಹಾಕುವವರಿದ್ದಾರೆ. ರೋಗವನ್ನು ಕೈಯಾರೆ ತಿನ್ನಿಸಿದ ಹಾಗೆ ಅದು.

ನೀರು ಒಳಬರುವ, ಹೊರಹೋಗುವ ಬಾಯಿಗೆ ಮಣ್ಣಿನ ಒಡ್ಡು ಹಾಕಿ. ಬೆಳಗ್ಗೆ ಮೂಲರಸವನ್ನು ಹತ್ತರಷ್ಟು ನೀರಿಗೆ ಬೆರೆಸಿ, ಮೂರು ಪಾಲು ಮಾಡಿ, ಮೊದಲ ಪಾಲನ್ನು ದಂಡೆಯ ಸುತ್ತಲೂ, ಉಳಿದದ್ದನ್ನು ಒಳಕ್ಕೆ ಎರಚಿ. ಕೋಲಿನಿಂದ ಮೆಲ್ಲಗೆ ಕದಡಿ, ಆದರೆ ತಳದ ಕೆಸರು ಏಳಬಾರದು.

ಇಷ್ಟಕ್ಕೇ ನಿಲ್ಲಿಸುವುದೇ ಇನ್ನೊಂದು ದೊಡ್ಡ ತಪ್ಪು. ಬಾಟಲಿಯಲ್ಲಿ ಪರದೆಗೆ ಹತ್ತಿದ ಹಾಗೆ ಇಲ್ಲಿ ಹುಳು ಒದ್ದೆ ಮಣ್ಣಿಗೆ ಹತ್ತಿ ಕಾಯುತ್ತದೆ. ನೀರಿನಂಚಿನಿಂದ 3 ಅಡಿಯವರೆಗಿನ ಹಸಿ ದಂಡೆಗೆ, 16 ಲೀಟರಿನ ಪಂಪಿಗೆ ಒಂದೂವರೆ ಲೀಟರ್ ಮೂಲರಸ ಬೆರೆಸಿ, ಮಣ್ಣು ತೊಯ್ಯುವಷ್ಟು ಹೊಡೆಯಿರಿ. ಇದಕ್ಕೆ ಬೇಕಾದ ರಸ ಮೇಲಿನ ಲೆಕ್ಕದ ಹೊರಗೆ, ಬೇರೆಯಾಗಿ ಇಟ್ಟುಕೊಳ್ಳಿ. ನೊರೆಯಿಂದ ನಾಜಲ್ ಕಟ್ಟುತ್ತದೆ, ದಪ್ಪ ರಂಧ್ರದ್ದು ಹಾಕಿ, ರಸ ಎರಡು ಸಲ ಸೋಸಿರಲಿ.

ಒಡ್ಡನ್ನು ಕನಿಷ್ಠ 24 ಗಂಟೆ ತೆಗೆಯಬೇಡಿ. 4 ದಿನ ದನ, ಕುರಿಗಳನ್ನು ಅಲ್ಲಿಗೆ ಬಿಡಬೇಡಿ, ಬೇರೆ ಕಡೆ ನೀರು ಕುಡಿಸುವ ಏರ್ಪಾಡು ಮೊದಲೇ ಆಗಿರಲಿ. ಕದಡಿದಾಗ ನೊರೆ ನಿಲ್ಲುತ್ತಿದ್ದರೆ, ಸತ್ತ ಹುಳುಗಳ ನಾತ ಹೋಗದಿದ್ದರೆ 4 ದಿನವೂ ಸಾಲದು.

ಶಕ್ತಿ ಹೆಚ್ಚಲಿ ಎಂದು ಮೈಲುತುತ್ತ ಬೆರೆಸುವ ಚಾಳಿ ಇದೆ. ಗದಗ, ಹಾವೇರಿಯ ಕುರಿಗಾರರು ಇದನ್ನು ಗಮನಿಸಬೇಕು: ತಾಮ್ರದ ನಂಜು ದನಕ್ಕಿಂತ ಕುರಿಗೆ ಬೇಗ ಏರುತ್ತದೆ.

ಬೇರೆ ಗಿಡಗಳು

ಸೀಗೆಕಾಯಿಯಲ್ಲೂ ಸಪೋನಿನ್ ಇದೆ, ಇದೇ ಕ್ರಮದಲ್ಲಿ ಬಳಸಬಹುದು, ಪ್ರಮಾಣವನ್ನು ಮಾತ್ರ ಬಾಟಲಿಯಿಂದಲೇ ಕಂಡುಕೊಳ್ಳಿ. ಇಪ್ಪೆ ಹಿಂಡಿಯನ್ನು ಮೀನು ಸಾಕುವವರು ಬೇಡದ ಮೀನು ಕೊಲ್ಲಲು ಹೆಕ್ಟೇರಿಗೆ, 1 ಮೀಟರ್ ಆಳಕ್ಕೆ 2,500 ಕಿಲೋ ಹಾಕುತ್ತಾರೆ. ಅದರ ನಂಜು ಎರಡು ಮೂರು ವಾರ ಉಳಿಯುವುದರಿಂದ ದನ ಕುಡಿಯುವ ಜಾಗಕ್ಕೆ ಬೇಡ. ಬೇವಿನ ಸೊಪ್ಪಿನ ಕಷಾಯವನ್ನು ನೆಚ್ಚಬೇಡಿ. ಬೇವಿನ ಬೀಜದ ತಿರುಳಿನ ರಸ ಪರವಾಗಿಲ್ಲ, ಆದರೆ ನಿಧಾನ, ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ.

ಕಳ್ಳಿಹಾಲು ಹುಳುವನ್ನು ಕೊಲ್ಲುತ್ತದೆ, ನಿಜ. ಒಂದು ಹನಿ ಕಣ್ಣಿಗೆ ಸಿಡಿದರೆ ಕಣ್ಣಿಗೇ ಅಪಾಯ. ಕಣಗಿಲೆಯನ್ನಂತೂ ಮುಟ್ಟಲೇಬೇಡಿ. ಅದರ ಕೆಲವೇ ಎಲೆ ಹೊಟ್ಟೆಗೆ ಹೋದರೂ ದನದ ಹೃದಯ ನಿಲ್ಲುತ್ತದೆ.

ಹಂತ 9: ಎರಡನೇ ಸುತ್ತು

ರಸಕ್ಕೆ ದೊಡ್ಡ ಹುಳು ಸಾಯುತ್ತದೆ, ಲೋಳೆಯೊಳಗಿನ ಮೊಟ್ಟೆ ಬಹುಪಾಲು ಉಳಿಯುತ್ತದೆ. ಒಂದೆರಡು ವಾರದಲ್ಲಿ ಅದು ಒಡೆದು ಸಾಸಿವೆಕಾಳಿನಷ್ಟು ಮರಿಗಳಾಗುತ್ತವೆ. ಈ ಜಾತಿಗಳಲ್ಲಿ ಗಂಡು ಹೆಣ್ಣು ಬೇರೆ ಇಲ್ಲ, ಉಳಿದ ಒಂದೇ ಹುಳು ಮತ್ತೆ ಸಂಸಾರ ಹೂಡಬಲ್ಲದು. 12ರಿಂದ 15ನೇ ದಿನದೊಳಗೆ ಹೊಸ ರಸ ಮಾಡಿ ಅಷ್ಟೇ ಪ್ರಮಾಣದಲ್ಲಿ ಮತ್ತೊಮ್ಮೆ ಹಾಕಿ. ಆ ಹೊತ್ತಿಗೆ ನೀರು ಇಳಿದಿರುತ್ತದೆ, ಅಳತೆ ಹೊಸದಾಗಿ ಮಾಡಿ.

ಎಣಿಕೆ ಮೊದಲಿನಂತೆಯೇ, ಅದೇ 10 ಜಾಗ, 3 ಸಲ: ಮೊದಲ ಸುತ್ತಿನ 7ನೇ ದಿನ, ಎರಡನೇ ಸುತ್ತಿನ 7ನೇ ದಿನ, ಆಮೇಲೆ ತಿಂಗಳಿಗೊಮ್ಮೆ. ತೇಲುವ ಖಾಲಿ ಚಿಪ್ಪು ಲೆಕ್ಕಕ್ಕಿಲ್ಲ. ಹತ್ತರಲ್ಲಿ ಒಂಬತ್ತು ಪಾಲು ಇಳಿಯದಿದ್ದರೆ ದಂಡೆಯ ಮಣ್ಣನ್ನೂ ಒಳಬರುವ ನೀರನ್ನೂ ಮೊದಲು ಅನುಮಾನಿಸಿ. ಎರಡನೇ ಎಣಿಕೆಯಲ್ಲಿ ಬರೀ ದೊಡ್ಡ ಹುಳುಗಳೇ ಸಿಕ್ಕರೆ ಅವು ಹೊರಗಿನಿಂದ ತೇಲಿ ಬಂದಿರಬಹುದು, ಒಳಬಾಯಿಗೆ ಜಾಲರಿ ಕಟ್ಟಬೇಕು.

ಹಂತ 10: ದನದ ಹೊಟ್ಟೆ, ತಿಪ್ಪೆ, ಮೇವು

ಮೊದಲ ಸುತ್ತಿನ ವಾರದಲ್ಲೇ ಸಗಣಿಯನ್ನು ಪಶು ಆಸ್ಪತ್ರೆಗೆ ಕೊಟ್ಟು ಪರೀಕ್ಷೆ ಮಾಡಿಸಿ. ಬೆಳಗ್ಗೆ ಹಾಕಿದ ಹೊಸ ಸಗಣಿ, ಬೆಂಕಿಪೆಟ್ಟಿಗೆಯಷ್ಟು, ಗಾಳಿಯಾಡದ ಡಬ್ಬಿಯಲ್ಲಿ. ಗದ್ದದ ಕೆಳಗೆ ನೀರು ತುಂಬಿದ ಬಾವು, ಬಿಳಿಚಿದ ಕಣ್ಣುರೆಪ್ಪೆ, ತಿಂದರೂ ಮೈ ಹತ್ತದಿರುವುದು, ಹಾಲು ಕಡಿಮೆಯಾಗುವುದು, ಮೂಗಿನಲ್ಲಿ ರಕ್ತ ಬೆರೆತ ಸಿಂಬಳ ಮತ್ತು ಗೊರಕೆ ಕಂಡರೆ ಪರೀಕ್ಷೆಯ ಫಲಕ್ಕೆ ಕಾಯದೆ ವೈದ್ಯರಿಗೆ ತೋರಿಸಿ. ಮದ್ದನ್ನು ಅವರೇ ತೂಕ ನೋಡಿ ಕೊಡಬೇಕು. ದುಂಡು ಜಂತಿಗೆ ಕೊಡುವ ಎಲ್ಲ ಮದ್ದೂ ಈ ಚಪ್ಪಟೆ ಹುಳುವಿಗೆ ತಾಗುವುದಿಲ್ಲ, ಕೆಲವು ಮದ್ದು ಕೊಟ್ಟ ಮೇಲೆ ಇಷ್ಟು ದಿನ ಹಾಲು ಬಳಸುವಂತಿಲ್ಲ ಎಂಬ ನಿಯಮವೂ ಇದೆ.

ಸಗಣಿ ತಿಪ್ಪೆಯಲ್ಲಿ ಚೆನ್ನಾಗಿ ಕಾವು ಏರಿ ಕೊಳೆತರೆ ಚಪ್ಪಟೆ ಹುಳುವಿನ ಮೊಟ್ಟೆ ಸಾಯುತ್ತದೆ. ನೀರಿನ ಪಕ್ಕ ತಿಪ್ಪೆ ಹಾಕಿದರೆ ಪ್ರತಿ ಮಳೆಗೂ ಮೊಟ್ಟೆ ಕೊಚ್ಚಿ ಹೋಗುತ್ತದೆ. ಭತ್ತದ ಹುಲ್ಲನ್ನು ನೆಲದಿಂದ ಒಂದು ಗೇಣು ಬಿಟ್ಟು ಕೊಯ್ದು, ಗಳಗಳ ಸದ್ದು ಬರುವವರೆಗೆ ಒಣಗಿಸಿ ಬಣವೆ ಒಟ್ಟಿ. ಅರ್ಧ ಹಸಿಯಾಗಿ ಒಟ್ಟಿದ ಬಣವೆಯ ಒಳಗೆ ಆ ಕಾಣದ ಗುಳಿಗೆಗಳು ಬಹಳ ದಿನ ಜೀವ ಹಿಡಿದಿರುತ್ತವೆ.

ತೊಟ್ಟಿಯ ಸುತ್ತ 6 ಅಡಿ ಫರಸಿ ಹಾಸಿ, ಹೆಚ್ಚಿದ ನೀರು ಗಿಡಗಳ ಕಡೆ ಹರಿಯುವಂತೆ ಮಾಡಿದರೆ ಮುಂದಿನ ವರ್ಷ ಆ ಜಾಗಕ್ಕೆ ಅಂಟುವಾಳವೇ ಬೇಡವಾಗುತ್ತದೆ. ಬಸವನಹುಳುವಿನ ಜಾತಿ ಗುರುತಿಸಲು ಗೊಂದಲವಾದರೆ ನಾಲ್ಕೈದು ಜೀವಂತ ಹುಳುಗಳನ್ನು ಒದ್ದೆ ಹುಲ್ಲಿನ ಜೊತೆ ಡಬ್ಬಿಯಲ್ಲಿಟ್ಟು ಹುಲಕೋಟಿ ಅಥವಾ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಡಬ್ಬಿಗೆ ನೀರು ತುಂಬಿ ಒಯ್ದರೆ ದಾರಿಯಲ್ಲೇ ಉಸಿರುಗಟ್ಟಿ ಸಾಯುತ್ತವೆ.